ಮಾಳಿಗೆಯ ಮೂಲೆಯ ಮಣ್ಣು

ನನಗೆ ಮಣ್ಣಿನ ರುಚಿ ಹತ್ತಿದ್ದು ಯಾವ ವಯಸ್ಸಿನಲ್ಲೋ ನೆನಪಿಲ್ಲ. ಅದಕ್ಕಾಗಿ ಬಿದ್ದ ಪೆಟ್ಟು ಮಾತ್ರ ಇವತ್ತಿಗೂ ನೆನಪಿದೆ. ಹಾರೂಗೇರಿಯಿಂದ ಮುಕ್ಕಾಲು ತಾಸು ನಡೆದರೆ ಸಿಗುವ ಊರಿನಲ್ಲಿ ನಮ್ಮದು ಮಾಳಿಗೆ ಮನೆ. ತೊಲೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದಷ್ಟು ದಪ್ಪಗೆ ಬಡಿದು ಕೂರಿಸಿದ ಮಣ್ಣು. ಹಿತ್ತಲ ಕಡೆಯ ಕಲ್ಲಿನ ಮೆಟ್ಟಿಲು ಹತ್ತಿ ಹೋದರೆ ಅಂಗಳದಂಥ ಸಪಾಟು ಜಾಗ. ಹಪ್ಪಳ ಒಣಗುವುದು ಅಲ್ಲಿ, ಶೇಂಗಾ ಒಣಗುವುದು ಅಲ್ಲಿ, ಓಣಿಯ ಬೆಕ್ಕುಗಳೆಲ್ಲ ಬಿಸಿಲು ಕಾಯಿಸಿಕೊಳ್ಳುವುದೂ ಅಲ್ಲಿಯೇ. ಮೊದಲ ಮಳೆ ಬಿದ್ದಾಗ ಆ ಮಾಳಿಗೆಯಿಂದ ಒಂದು ವಾಸನೆ ಏಳುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಬಾಯಲ್ಲಿ ನೀರೂರುತ್ತದೆ. ಇಷ್ಟೆಲ್ಲ ಆದ ಮೇಲೂ! ನಾಚಿಕೆಯಿಲ್ಲದ ಬಾಯಿ.

ನಮ್ಮದು ಜೈನರ ಮನೆ. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸದೆ ಕೊಡಕ್ಕೆ ಹಾಕುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಊಟ ಮಾಡುವಂತಿಲ್ಲ. ಆದರೂ ಒಕ್ಕಲುತನದ ಮನೆ ನೋಡಿ. ದನ, ಸಗಣಿ, ಕಬ್ಬಿನ ಹೊಲ, ಆಳುಗಳ ಬುತ್ತಿ. ಇದೆಲ್ಲದರ ನಡುವೆ ಮಕ್ಕಳ ಬಾಯಿ ಕಾಯುವುದಕ್ಕೆ ಯಾರಿಗೆ ಪುರುಸೊತ್ತಿತ್ತು? ನಾನು ಗೋಡೆ ಕೆರೆದು ತಿಂದೆ, ಮಾಳಿಗೆ ಕೆರೆದು ತಿಂದೆ. ಅವ್ವ ನನ್ನ ಬೆರಳಿಗೆ ಬೇವಿನ ರಸ ಹಚ್ಚಿದಳು. ಅದನ್ನೂ ನೆಕ್ಕಿ ಮುಗಿಸಿ ಮತ್ತೆ ತಿಂದೆ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಓಣಿಯ ಬಸುರಿಯರು ಬಾಯಿ ಕೆಟ್ಟಾಗ ಕದ್ದು ಅವಳ ಹತ್ತಿರ ಬರುತ್ತಿದ್ದರು. ಆಯಿ ಮಾಳಿಗೆಯಿಂದ ಒಂದು ಹಿಡಿ ಮಣ್ಣು ತರಿಸಿ, ರೊಟ್ಟಿ ಬೇಯಿಸುವ ಹಂಚಿನ ಮೇಲೆ ಹಾಕಿ, ಬಣ್ಣ ತಿರುಗುವ ತನಕ ಹುರಿದು, ಆರಿಸಿ, ಚೂರು ಮಾಡಿ ಅವರ ಸೆರಗಿಗೆ ಕಟ್ಟಿ ಕಳಿಸುತ್ತಿದ್ದಳು.

“ಹಸೀ ಮಣ್ಣಿನಾಗ ಜೀವ ಇರತಾವ. ಹಂಗ ಬಾಯಾಗ ಹಾಕ್ಕೋಬಾರದು. ಹುರದ ತಿನ್ನಬೇಕು.”

“ಹುರದರ ಆ ಜೀವ ಸಾಯೂದಿಲ್ಲೇನ ಆಯಿ? ಪಾಪ ಹತ್ತೂದಿಲ್ಲೇನ?” ಎಂದು ನಾನು ಒಮ್ಮೆ ಕೇಳಿದ್ದಕ್ಕೆ ತಲೆಗೆ ಮೊಟಕಿದಳು.

“ನಿಂದ ಬಾಯಿ ಭಾಳ ಆಗೇತಿ. ಪಾಪ ನನಗ ಹತ್ತಲಿ, ಬಸರ ಹೆಂಗಸಿಗೆ ಏನೂ ಆಗಬಾರದು.”

ನನಗೆ ಏಳೋ ಎಂಟೋ ವರ್ಷವಾಗಿದ್ದಾಗ ಕುತ್ತಿಗೆಯ ಎರಡೂ ಬದಿಗೆ ಶೇಂಗಾ ಕಾಳಿನಷ್ಟು ಗಂಟುಗಳು ಎದ್ದು, ವಾರಗಟ್ಟಲೆ ಮೈ ಬೆಚ್ಚಗಿತ್ತು. ಆಯಿ ಅರಿಶಿನ, ಸುಣ್ಣ ಕಲಸಿ ಹಚ್ಚಿದಳು. ಗಂಟುಗಳು ಹೇಗೆ ಬಂದವೋ ಹಾಗೇ ಇಳಿದವು. ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ಕಾಗವಾಡದ ಕಡೆ ಕೊಟ್ಟರು. ಅದರ ಮರುವರ್ಷ ಅಣ್ಣನ ಮದುವೆಯಾಯಿತು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತೇವೆ; ವೈನಿ ನಿಪ್ಪಾಣಿಯವಳು. ತಂಬಾಕಿನ ವ್ಯಾಪಾರಸ್ಥರ ಮನೆಯ ಒಬ್ಬಳೇ ಮಗಳು, ಸಿಮೆಂಟಿನ ಮನೆಯಲ್ಲಿ ಬೆಳೆದವಳು. ಅವಳ ತವರಿನಲ್ಲಿ ಗಡ್ಡೆಗೆಣಸು ಹೊಸ್ತಿಲು ದಾಟುತ್ತಿರಲಿಲ್ಲ, ನೀರು ಸೋಸಿ ಸಾಲದೆಂದು ಕಾಯಿಸಿ ಆರಿಸಿ ಕುಡಿಯುತ್ತಿದ್ದರು. ಅವಳ ತಾಯಿ ಮಗಳನ್ನು ಬೀದಿಯಲ್ಲಿ ಆಡಲು ಬಿಟ್ಟವಳಲ್ಲ. ನಮ್ಮ ಮನೆಗೆ ಬಂದ ಹೊಸದರಲ್ಲಿ ವೈನಿ ದನದ ಕೊಟ್ಟಿಗೆಯ ಮುಂದೆ ಸೀರೆಯ ನೆರಿಗೆ ಎತ್ತಿ ಹಿಡಿದು ದಾಟುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಗಂಡನ ಅಕ್ಕತಂಗಿಯರನ್ನು ಮರಾಠಿ ರೂಢಿಯಂತೆ ‘ವನ್ಸಂ’ ಎಂದು ಕರೆಯುವುದು ಅವರ ಕಡೆ ಪದ್ಧತಿ; ನನ್ನನ್ನೂ ಹಾಗೇ ಕರೆದಳು. ಒಂದೇ ವಾರಿಗೆಯವರು ನಾವು. ನನಗೆ ಸ್ವಂತ ತಂಗಿ ಇರಲಿಲ್ಲ, ಅವಳಿಗೂ ಇರಲಿಲ್ಲ. ಅವಳನ್ನು ಕಂಡರೆ ನನಗೆ ಜೀವ.

ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಮಳೆಗಾಲ ಶುರುವಾಗಿತ್ತು. ನನಗೆ ಏಳು ತುಂಬಿತ್ತು, ವೈನಿಗೆ ನಾಲ್ಕು ತಿಂಗಳು. ಆಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ದಪ್ಪ ಹನಿಯ ಮಳೆ ಬಂದು ನಿಂತಿತು. ನಾವಿಬ್ಬರೂ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುತ್ತಿದ್ದೆವು. ವೈನಿ ತಲೆ ಎತ್ತಿ, ಮೂಗು ಅರಳಿಸಿ, ಕಣ್ಣು ಮುಚ್ಚಿದಳು.

“ವನ್ಸಂ, ಇದು ಯಾತರ ವಾಸನಿರಿ? ನನಗ ಏನೋ ಆಗಾಕತ್ತೇತಿ.”

“ಮಾಳಿಗಿ ಮಣ್ಣಿಂದರಿ. ತಿಂತೀರೇನು?”

ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ತಮಾಷೆಗೆ ಅಂದಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಅವಳ ಕಣ್ಣಿನಲ್ಲಿದ್ದ ಆಸೆಯನ್ನು ನೋಡಿ ನಾನು ಎದ್ದೆ. ಅವ್ವ ಹೊಲಕ್ಕೆ ಹೋಗಿದ್ದಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಆ ಒದ್ದೆ ಮೆಟ್ಟಿಲು ಹತ್ತಿದೆ ನಾನು. ಜಾರಿ ಬಿದ್ದಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು, ಅಂಥ ಹುಚ್ಚು. ಬಡಗಣ ಮೂಲೆಯಲ್ಲಿ ಮೊಳೆಯಿಂದ ಕೆರೆದು ಒಂದು ಹಿಡಿ ತಂದೆ.

ಮೊದಲ ಸಲ ಹಂಚು ಇಟ್ಟು, ಆಯಿ ಮಾಡಿದಂತೆ ಹುರಿದೆ. ವೈನಿ ಒಂದು ಚೂರು ಬಾಯಿಗೆ ಹಾಕಿ ಮುಖ ಸಪ್ಪಗೆ ಮಾಡಿದಳು.

“ವಾಸನಿನ ಹೋತಲ್ರಿ. ಸುಟ್ಟ ಬೂದಿ ತಿಂದಂಗಾಗಾಕತ್ತೇತಿ.”

ನಿಜವೇ ಹೇಳಿದ್ದಳು. ಹುರಿದರೆ ಮಳೆಯ ವಾಸನೆ ಹೋಗುತ್ತದೆ. ನಾನು ಬಾಲ್ಯದಲ್ಲಿ ಎಂದೂ ಹುರಿದು ತಿಂದವಳಲ್ಲ. ನನಗೇನಾಗಿದೆ, ಗಟ್ಟಿಮುಟ್ಟಾಗಿ ಇದ್ದೇನಲ್ಲ ಎಂದುಕೊಂಡೆ. ಎರಡನೆಯ ಸಲ ಹುರಿಯಲಿಲ್ಲ. ಹಸಿಯದನ್ನೇ ಅಂಗೈಯಲ್ಲಿ ತಂದು ಕೊಟ್ಟೆ. ಬೀದಿಯ ಧೂಳು ಮೆಟ್ಟದೆ ಬೆಳೆದವಳು, ಕಾಯಿಸದ ನೀರು ಕುಡಿಯದವಳು, ನನ್ನ ಅಂಗೈಯಿಂದಲೇ ನೇರ ತುಟಿಗೆ ತೆಗೆದುಕೊಂಡಳು. ಅವಳು ಕಣ್ಣು ಮುಚ್ಚಿ ಚಪ್ಪರಿಸಿದ್ದು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ! ದೊಡ್ಡ ಮನೆಯ ಮಗಳನ್ನು ನನ್ನಂತೆ ಮಾಡಿಕೊಂಡೆನೆಂಬ ಸೊಕ್ಕು ಅದು. ಈಗ ಹೇಳಲು ಅಡ್ಡಿಯಿಲ್ಲ, ಸೊಕ್ಕೇ.

ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ನಡೆಯಿತು. ಬಟ್ಟೆ ಹರವಿ ಬರುತ್ತೇನೆ, ಬಟ್ಟೆ ತರುತ್ತೇನೆ ಎಂದು ನೆವ. ನಾನೂ ತಿನ್ನುತ್ತಿದ್ದೆ, ಅವಳೂ ತಿನ್ನುತ್ತಿದ್ದಳು. ಬಡಗಣ ಮೂಲೆಯ ಮಣ್ಣು ಸಡಿಲಾಯಿತು. ಒಂದು ದಿನ ನಾನು ಹೋದಾಗ ಓಣಿಯ ಕಪ್ಪು ಬೆಕ್ಕೊಂದು ಆ ಸಡಿಲ ಮಣ್ಣಿನಲ್ಲಿ ಕೂತಿತ್ತು. ನನ್ನನ್ನು ನೋಡಿ, ಮುಂಗಾಲಿನಿಂದ ಮಣ್ಣು ಕೆದರಿ ಮುಚ್ಚಿ, ಗೋಡೆ ಹಾರಿ ಹೋಯಿತು. ಹೇಸಿಗೆಯೆನಿಸಿ ನಾನು ಒಂದು ಗೇಣು ಆಚೆಗೆ ಕೆರೆದುಕೊಂಡು ಬಂದೆ. ಗೇಣು! ನನ್ನ ಬುದ್ಧಿಗೆ ಅಷ್ಟು ದೂರ ಸಾಕೆನಿಸಿತು.

ಶ್ರಾವಣದಲ್ಲಿ ವೈನಿಯ ಕುತ್ತಿಗೆಗೆ ಗಂಟು ಬಂದವು. ಸಣ್ಣ ಜ್ವರ, ಸುಸ್ತು. ಶೇಂಗಾ ಕಾಳಿನಷ್ಟು ಗಂಟುಗಳು, ನೋವಿಲ್ಲ. ನನಗೂ ಚಿಕ್ಕಂದಿನಲ್ಲಿ ಬಂದಿದ್ದವು, ತಾವಾಗಿಯೇ ಹೋದವು ಎಂದು ನಾನೇ ಧೈರ್ಯ ಹೇಳಿದೆ. ಅವ್ವ ಕೇಳಲಿಲ್ಲ, ಹಾರೂಗೇರಿಗೆ ಡಾಕ್ಟರರ ಹತ್ತಿರ ಕರೆದುಕೊಂಡು ಹೊರಟಳು. ನಾನೂ ತೋರಿಸಿಕೊಳ್ಳಬೇಕಿತ್ತು, ಜೊತೆಗೆ ಹೋದೆ. ವಯಸ್ಸಾದ ಡಾಕ್ಟರು ವೈನಿಯ ಕಣ್ಣಿನ ರೆಪ್ಪೆ ಜಗ್ಗಿ ನೋಡಿ, ಗಂಟು ಮುಟ್ಟಿ ನೋಡಿ, ನಗುತ್ತ ಕೇಳಿದರು.

“ಏನವಾ, ಕಳ್ಳತನದಿಂದ ಮಣ್ಣ ಗಿಣ್ಣ ತಿನ್ನಾಕತ್ತಿ ಏನು? ಖರೇ ಹೇಳು.”

ವೈನಿ ನನ್ನ ಕಡೆ ನೋಡಿದಳು. ಅವಳ ತುಟಿ ಇನ್ನೇನು ತೆರೆಯುತ್ತಿತ್ತು. ಅವ್ವ ನಮ್ಮಿಬ್ಬರ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು.

“ಇಲ್ಲ್ರಿ ಡಾಕ್ಟರ, ಛೇ! ನಮ್ಮ ಮನ್ಯಾಗ ಅಂಥಾದ್ದೆಲ್ಲ ಇಲ್ಲ್ರಿ” ಎಂದೆ ನಾನು.

ಅವ್ವ ಬಯ್ಯುತ್ತಾಳೆಂಬ ಹೆದರಿಕೆ, ಅಷ್ಟೇ. ಇಪ್ಪತ್ತೆರಡು ವರ್ಷದ ಹೆಂಗಸು, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು, ಬೆರಳಿಗೆ ಬೇವಿನ ರಸ ಹಚ್ಚಿಸಿಕೊಂಡ ಹುಡುಗಿಯ ಹಾಗೆ ಹೆದರಿದೆ. ವೈನಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ರಕ್ತ ಕಡಿಮೆ ಇದೆಯೆಂದು ಗುಳಿಗೆ ಬರೆದುಕೊಟ್ಟರು. ನಾನು ಹೌದು ಎಂದಿದ್ದರೆ ಅವರಿಗೆ ಏನಾದರೂ ಹೊಳೆಯುತ್ತಿತ್ತೋ, ಮೀರಜದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರೋ, ಅಥವಾ ನಕ್ಕು ಅದೇ ಗುಳಿಗೆ ಕೊಡುತ್ತಿದ್ದರೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಒಂದು ಸಂಜೆ ಚಂದ್ರಗ್ರಹಣ ಹಿಡಿದಿತ್ತು. ಗ್ರಹಣಕ್ಕೆ ಹೆದರುವುದು ನಮ್ಮ ಧರ್ಮದಲ್ಲಿಲ್ಲ ಎಂದು ಮುನಿಗಳು ಹೇಳುತ್ತಾರೆ, ನಮ್ಮ ಓಣಿಯ ಹೆಂಗಸರು ತಲೆ ಆಡಿಸಿ ಕೇಳಿಬಂದು ಎಲ್ಲರಿಗಿಂತ ಹೆಚ್ಚೇ ಹೆದರುತ್ತಾರೆ. ನನ್ನನ್ನು ಅವ್ವ ಒಳಕೋಣೆಯಲ್ಲಿ ಕೂಡಿಸಿದ್ದಳು. ವೈನಿಗೆ ತವರಿನಲ್ಲಿ ಆ ರೂಢಿ ಇಲ್ಲ. ಅವಳು ಪಡಸಾಲೆಯಲ್ಲಿ ಕತ್ತರಿ ಹಿಡಿದು ಕೂಸಿಗೆ ಕುಂಚಿಗೆ ಹೊಲಿಯಲು ಬಟ್ಟೆ ಕತ್ತರಿಸುತ್ತಿದ್ದಳು. ಅವ್ವ ಓಡಿಬಂದು ಕತ್ತರಿ ಕಸಿದುಕೊಂಡಳು. ಅಂದು ಅದು ಅಷ್ಟಕ್ಕೇ ಮುಗಿಯಿತು.

ಆ ಮಳೆಗಾಲದ ಕೊನೆಗೆ ಬಡಗಣ ಮೂಲೆಯಲ್ಲಿ ಮನೆ ಸೋರಿತು. ಅಷ್ಟು ವರ್ಷ ಎಂದೂ ಸೋರದ ಮೂಲೆ. ಅವ್ವ ಕೆಳಗೆ ಪಾತೇಲಿ ಇಟ್ಟಳು, ಮೇಲೆ ಹತ್ತಿ ನೋಡಿ ಬಂದಳು, ಏನೂ ಅನ್ನಲಿಲ್ಲ. ನನಗೆ ಅಷ್ಟರಲ್ಲಿ ಮಗಳು ಹುಟ್ಟಿದ್ದಳು. ಗುಂಡಗೆ, ಕೆಂಪಗೆ, ಕಣ್ಣು ಮಿಟುಕಿಸುತ್ತ ದೀಪದ ಕಡೆ ಹೊರಳುವ ಕೂಸು. ದೀಪಾವಳಿ ಕಳೆದು ವೈನಿಯೂ ನಿಪ್ಪಾಣಿಯಲ್ಲಿ ಹೆತ್ತಳು. ಅವಳಿಗೂ ಮಗಳೇ. ಎರಡೂ ಕೂಸುಗಳನ್ನು ಒಂದೇ ತೊಟ್ಟಿಲಲ್ಲಿ ತಲೆಗೊಂದು ಕಾಲಿಗೊಂದು ಹಾಕಿ ತೂಗಿದ್ದೇವೆ ನಾವು.

ವರ್ಷ ತುಂಬುವ ಹೊತ್ತಿಗೆ ವೈನಿಯ ಮಗಳ ಎಡಗಣ್ಣು ಹೊರಗೆ ಸರಿಯತೊಡಗಿತು. ಮೆಳ್ಳಗಣ್ಣು ಅದೃಷ್ಟ ಎಂದರು ಯಾರೋ. ಎರಡು ವರ್ಷದ ಕೂಸು ಆಟಿಕೆ ನೋಡುವುದಕ್ಕೆ ತಲೆ ವಾರೆ ಮಾಡುತ್ತಿತ್ತು. ನಾನು ತವರಿಗೆ ಹೋಗಿದ್ದಾಗ ಒಂದು ದಿನ ಆಟದಲ್ಲಿ ಅದರ ಬಲಗಣ್ಣಿಗೆ ಅಂಗೈ ಮುಚ್ಚಿದೆ. ಕೂಸು ಕಿಟಾರನೆ ಚೀರಿ, ಗಾಳಿಯಲ್ಲಿ ಕೈ ತಡಕಾಡಿತು. ನಾನು ಕೈ ತೆಗೆದು ಅಣ್ಣನನ್ನು ಕೂಗಿದೆ. ಮರುದಿನವೇ ಅಣ್ಣ, ವೈನಿ, ಕೂಸು ನನ್ನ ಜೊತೆ ಕಾಗವಾಡಕ್ಕೆ ನಮ್ಮ ಮನೆಗೆ ಬಂದರು. ಅಲ್ಲಿಂದ ಮೀರಜ ಹತ್ತಿರ. ಕಣ್ಣಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ.

ಅವರು ಹನಿ ಹಾಕಿ, ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಹಳೆಯ ಕಲೆ ಇದೆ, ಸುಟ್ಟು ಆರಿದ ಗಾಯದಂಥದ್ದು, ಎಂದರು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಗುಲಿದ ಸೋಂಕು ಇರಬೇಕು, ಆ ಕಣ್ಣಿಗೆ ಇನ್ನು ನಡುವಿನ ದೃಷ್ಟಿ ಬರುವುದಿಲ್ಲ. ಕೂಸಿನದೂ ವೈನಿಯದೂ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಬಿಟ್ಟು ಮತ್ತೆ ಹೋದೆವು. ಅಣ್ಣ ಔಷಧದ ಅಂಗಡಿಯ ಸಾಲಿನಲ್ಲಿ ನಿಂತಿದ್ದ, ಒಳಗೆ ನಾವಿಬ್ಬರೇ. ಡಾಕ್ಟರು ಮರಾಠಿ ಬೆರೆತ ಕನ್ನಡದಲ್ಲಿ ಒಂದೊಂದೇ ಕೇಳಿದರು.

“ಮನ್ಯಾಗ ಬೆಕ್ಕ ಅದಾವೇನು?”

“ಸಾಕಿಲ್ಲ್ರಿ” ಎಂದಳು ವೈನಿ.

“ಮಾಂಸ, ಮಟಣ?”

“ಜೈನರರಿ ನಾವು.”

“ಮತ್ತ ಮಾತೀ? ಮಣ್ಣು?”

ವೈನಿ ಈ ಸಲ ನನ್ನ ಕಡೆ ನೋಡಲಿಲ್ಲ. “ಹೌದ್ರಿ” ಎಂದಳು. “ಹಸೀದು ತಿಂದೇನಿ.”

ಬೆಕ್ಕಿನ ಹೊಲಸಿನಿಂದ ಮಣ್ಣಿಗೆ ಬರುವ ಒಂದು ಸೂಕ್ಷ್ಮ ಜೀವಿ ಇದು ಎಂದರು ಅವರು. ಬೆಂಕಿಗೆ ಇಟ್ಟರೆ ಸಾಯುತ್ತದೆ, ಹಸಿ ಇದ್ದರೆ ತಿಂಗಳುಗಟ್ಟಲೆ ಬದುಕುತ್ತದೆ. ನನ್ನ ಕಣ್ಣ ಮುಂದೆ ಆಯಿಯ ಹಂಚು ಬಂತು. ನಾನು ತಡೆದುಕೊಳ್ಳಲಾರದೆ ಬಾಯಿಬಿಟ್ಟೆ.

“ಅದ ಮಣ್ಣ ನಾನೂ ತಿಂದೇನ್ರಿ. ಅದ ದಿನ, ಅದ ಮೂಲ್ಯಾಂದು. ನಾನೂ ಬಸರಿದ್ದೆ. ನನ್ನ ಮಗಳಿಗೆ ಏನೂ ಆಗಿಲ್ಲಲ್ರಿ?”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸಣ್ಣವಳಿದ್ದಾಗಲೂ ತಿನ್ನುತ್ತಿದ್ದಿಯಾ ಎಂದು ಕೇಳಿದರು. ಕುತ್ತಿಗೆಯ ಗಂಟಿನ ವಿಷಯ ಹೇಳಿದೆ. ನನ್ನ ರಕ್ತವನ್ನೂ ತೆಗೆಸಿದರು. ಅದರಲ್ಲೂ ಆ ಜೀವಿಯ ಗುರುತು ಇತ್ತೆಂದು ಆಮೇಲೆ ಗೊತ್ತಾಯಿತು. ಯಾವಾಗ ತಗುಲಿದ್ದೆಂದು ರಕ್ತ ಹೇಳುವುದಿಲ್ಲ, ಆದರೆ ನಿನ್ನ ಮಾತು ಕೇಳಿದರೆ ಬಾಲ್ಯದ್ದೇ ಇರಬೇಕು, ಎಂದರು. ಒಮ್ಮೆ ಬಂದು ಹೋದರೆ ಮೈ ಅದನ್ನು ಮರೆಯುವುದಿಲ್ಲವಂತೆ, ಬಾಗಿಲಲ್ಲೇ ಹಿಡಿಯುತ್ತದಂತೆ, ಒಳಗಿನ ಕೂಸಿನ ತನಕ ಹೋಗಗೊಡುವುದಿಲ್ಲವಂತೆ. ಎಂದೂ ಅದನ್ನು ಕಾಣದ ಮೈಗೆ ಬಸುರಿನಲ್ಲೇ ಮೊದಲ ಸಲ ಬಂದರೆ ಕಷ್ಟ. ಬಸುರಿನಲ್ಲಿ ಮೈ ತನ್ನ ಕಾವಲನ್ನು ಕೊಂಚ ಸಡಿಲ ಬಿಟ್ಟಿರುತ್ತದೆ. ಇಲ್ಲದಿದ್ದರೆ ಒಳಗಿನ ಕೂಸನ್ನೇ ಪರಕೀಯವೆಂದು ಹೊರಹಾಕೀತು.

“ಮಣ್ಣಾಗ ಬೆಳದದ್ದಕ್ಕ ಎಲ್ಲಾ ರೋಗ ತಪ್ಪತಾವು ಅಂತ ತಿಳೀಬ್ಯಾಡ ತಂಗಿ” ಎಂದರು ನನಗೆ. “ಎಷ್ಟೋ ಕೂಸು ಅದರಿಂದನ ಸತ್ತಾವು. ನಿನಗ ಇದೊಂದು ತಪ್ಪೇತಿ, ಅಷ್ಟ.” ಆಮೇಲೆ ವೈನಿಯ ಕಡೆ ತಿರುಗಿ, ಮಗಳಿಗೆ ಹೇಳುವ ಹಾಗೆ ಹೇಳಿದರು: “ಎರಡನೇ ಕೂಸಿಗೆ ಹೆದರಬ್ಯಾಡ. ಈಗ ನಿನ್ನ ಮೈಗೂ ಅದು ಗೊತ್ತಾಗೇತಿ.”

ಮೀರಜದಿಂದ ಕಾಗವಾಡಕ್ಕೆ ಬರುವ ಬಸ್ಸಿನಲ್ಲಿ ಅಣ್ಣ ಮುಂದೆ ಕೂತಿದ್ದ. ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ವೈನಿ ಕಿಟಕಿಯಿಂದ ಹೊರಗೆ ನೋಡುತ್ತಲೇ ಕೇಳಿದಳು.

“ಮನ್ಯಾಗ ಏನಂತ ಹೇಳೂದು ವನ್ಸಂ?”

ಆಗ ಒಂದೇ ಮಾತು ಸಾಕಾಗಿತ್ತು. ನಾನು ಹೇಳ್ತೀನಿ ಬಿಡ್ರಿ, ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು “ಹೊಟ್ಟ್ಯಾಗ ಇದ್ದಾಗ ಆದದ್ದು ಅಂತ ಅಷ್ಟ ಹೇಳೂಣ್ರಿ” ಎಂದೆ. ಅವಳು ತಿರುಗಿ ನನ್ನನ್ನು ಒಂದು ಗಳಿಗೆ ನೋಡಿದಳು. “ಆತ್ರಿ” ಎಂದಳು. ಅಣ್ಣನಿಗೆ ಡಾಕ್ಟರು ಸೋಂಕು ಎಂದಷ್ಟೇ ಹೇಳಿದ್ದರು, ಅವನು ಅವ್ವನಿಗೆ ಅಷ್ಟನ್ನೇ ಮುಟ್ಟಿಸಿದ.

ಅವ್ವ ಕಾರಣ ಹುಡುಕಿ ಎಲ್ಲಿಗೂ ಹೋಗಬೇಕಾಗಲಿಲ್ಲ. ಗ್ರಹಣ, ಕತ್ತರಿ. “ನಾನು ಕಣ್ಣಾರೆ ನೋಡೇನಿ. ಅವತ್ತ ಕತ್ತರಿ ಆಡಿಸಿದಳು, ಕೂಸಿನ ಕಣ್ಣಿಗೆ ಬಡೀತು.” ಓಣಿಯೆಲ್ಲ ಅದನ್ನೇ ಆಡಿತು. ಬಸುರಿಯರು ವೈನಿಯ ಎದುರಿಗೆ ಬಂದರೆ ದಾರಿ ಸರಿದರು. ಅವಳು ಒಮ್ಮೆಯೂ ಬಾಯಿ ತೆರೆದು, ನಿಮ್ಮ ಮಗಳೇ ತಂದು ಕೊಟ್ಟಳು, ಎಂದು ಅನ್ನಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಮೊದಲಿನ ಹಾಗೇ ಚಹಾ ಮಾಡಿ ಕೊಡುತ್ತಿದ್ದಳು. ನಾನು ಕಾಗವಾಡದಿಂದ ದ್ರಾಕ್ಷಿ ತಂದರೆ ನನ್ನ ಕೈಯಿಂದ ತೆಗೆದುಕೊಂಡು ಅಲ್ಲೇ ಎರಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಅದನ್ನು ಕ್ಷಮೆ ಎಂದು ತಿಳಿದೆ. ಎಷ್ಟು ಸಲೀಸಾಗಿ ತಿಳಿದುಕೊಂಡೆ!

ನಾಲ್ಕು ವರ್ಷ ಹೀಗೆ ಹೋಯಿತು. ವೈನಿಗೆ ಇನ್ನೊಂದು ಕೂಸು ಬೇಕಿತ್ತು; ನನ್ನ ಮುಂದೆ ಒಮ್ಮೆ ಅತ್ತಿದ್ದಳು. ಅವ್ವ, ಗ್ರಹಣ ತಾಗಿದ ಹೊಟ್ಟೆ, ಮತ್ತೆ ಹುಟ್ಟಿದ್ದೂ ಊನವೇ ಹುಟ್ಟುತ್ತದೆ ಎಂದು ಅಣ್ಣನ ಕಿವಿ ತುಂಬಿದ್ದಳು. ಅಣ್ಣ ಹಾಸಿಗೆ ಸುತ್ತಿಕೊಂಡು ಹೊರಗಿನ ಪಡಸಾಲೆಗೆ ಬಂದಿದ್ದ. ಅವನಿಗೆ ಇನ್ನೊಂದು ಮದುವೆ ಮಾಡುವ ಮಾತು ಅಡುಗೆಮನೆಯಲ್ಲಿ ಪಿಸುಮಾತಾಗಿ ಶುರುವಾಗಿ ಅಂಗಳಕ್ಕೆ ಬಂತು. ಡಾಕ್ಟರರ ಮಾತು ವೈನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅದನ್ನು ಹೇಳಬೇಕೆಂದರೆ ಮಣ್ಣಿನಿಂದ ಶುರು ಮಾಡಬೇಕು.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ಬೇಸಿಗೆಯಲ್ಲಿ ಅಣ್ಣ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಲು ನಿಂತ. ನಾನು ಕೈಗೆ ನೆರವಾಗಲು ಮಗಳನ್ನು ಕರೆದುಕೊಂಡು ಹೋಗಿದ್ದೆ. ಆಳುಗಳು ಮೇಲಿನಿಂದ ಸಲಿಕೆಯಲ್ಲಿ ಮಣ್ಣು ದೂಡುತ್ತಿದ್ದರು, ಅಂಗಳದಲ್ಲಿ ಗುಡ್ಡೆ ಏಳುತ್ತಿತ್ತು. ಧೂಳಿನಲ್ಲಿ ಅವ್ವ, ಅಣ್ಣ, ವೈನಿ, ನಾನು, ಎಲ್ಲರ ಮುಖವೂ ಒಂದೇ ಬಣ್ಣವಾಗಿತ್ತು. ಬೆಳಿಗ್ಗೆಯಷ್ಟೇ ಅವ್ವ ನನ್ನ ಕಿವಿಯಲ್ಲಿ, ಅಥಣಿ ಕಡೆಯ ಹುಡುಗಿ, ನಾಡಿದ್ದು ನೋಡಲು ಹೋಗೋಣ, ನೀನೂ ಬಾ, ಎಂದಿದ್ದಳು. ಬಡಗಣ ಮೂಲೆಗೆ ಬಂದ ಆಳು ಮೇಲಿನಿಂದ ಕೂಗಿದ.

“ಅವ್ವಾರ, ಈ ಮೂಲ್ಯಾಗ ಮಣ್ಣ ಇಲ್ಲಲ್ರಿ? ಯಾರೋ ಕೆರದ ತಗದಾರಲ್ರಿ.”

“ಇಲಿ” ಎಂದಳು ಅವ್ವ, ನನ್ನ ಮುಖ ನೋಡುತ್ತ. “ಇಲಿ ತಗದಾವು. ನೀ ಕೆಲಸ ಮಾಡು.”

ಅವಳು ನನ್ನ ಮುಖ ನೋಡಿದ ರೀತಿಯಲ್ಲೇ ನನಗೆ ತಿಳಿಯಿತು. ಅವಳಿಗೆ ಗೊತ್ತು. ಸೋರಿದ ದಿನ ಮೇಲೆ ಹತ್ತಿದಾಗಲೇ ಗೊತ್ತಾಗಿದೆ. ಬೆರಳಿಗೆ ಬೇವಿನ ರಸ ಹಚ್ಚಿದವಳಿಗೆ ನಾನು ಕೆರೆದ ಗುರುತು ಸಿಗದೇ ಇರುತ್ತದೆಯೇ? ನನ್ನ ಮೈ ಉರಿದುಹೋಯಿತು. ಸಿಟ್ಟು ಅವಳ ಮೇಲೋ ನನ್ನ ಮೇಲೋ, ಆ ಹೊತ್ತಿಗೆ ವ್ಯತ್ಯಾಸ ತಿಳಿಯಲಿಲ್ಲ.

“ಇಲಿ ಅಲ್ಲ” ಎಂದೆ, ಆಳುಗಳಿಗೂ ಕೇಳುವಷ್ಟು ಗಟ್ಟಿಯಾಗಿ. “ನಾನು ತಗದೀನಿ. ವೈನಿಗೆ ಹಸೀ ಮಣ್ಣ ನಾನ ತಿನಿಸೀನಿ. ಕೂಸಿನ ಕಣ್ಣ ಹೋಗಿದ್ದು ಅದರಿಂದ. ಮೀರಜದ ಡಾಕ್ಟರು ಹೇಳ್ಯಾರ. ಗ್ರಹಣ ಅಲ್ಲ, ಕತ್ತರಿ ಅಲ್ಲ. ಇನ್ನೊಂದ ಕೂಸಿಗೆ ಏನೂ ಆಗೂದಿಲ್ಲ ಅಂತ ಅವತ್ತ ಹೇಳ್ಯಾರ.”

“ಬಾಯಿ ಮುಚ್ಚ” ಎಂದಳು ಅವ್ವ. ದನಿ ಸಣ್ಣಗಿತ್ತು.

“ನಿನಗ ಗೊತ್ತಿತ್ತು ಅವ್ವಾ.”

ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. “ಗೊತ್ತಿತ್ತು. ಏನ ಮಾಡಬೇಕಿತ್ತು ನಾನು? ನೀ ನನ್ನ ಮಗಳು. ಗಂಡನ ಮನ್ಯಾಗ ನಿನ್ನ ಏನಂತಿದ್ರು? ಯಾರರೆ ಒಬ್ಬರ ಮ್ಯಾಲ ಹೋಗಬೇಕಿತ್ತಲ್ಲ.”

ಅಣ್ಣ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗೆ ಬಿಟ್ಟು, ಯಾರನ್ನೂ ನೋಡದೆ ಹೊಲದ ಕಡೆ ಹೋದ. ಸಂಜೆ ಬಂದವನು ಪಡಸಾಲೆಯ ಹಾಸಿಗೆಯನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟ. ಅಥಣಿಯ ಮಾತು ಮತ್ತೆ ಏಳಲಿಲ್ಲ. ಆದರೆ ಆ ಮಧ್ಯಾಹ್ನ, ಅಣ್ಣ ಅಂಗಳ ದಾಟಿದ ಮೇಲೆ, ವೈನಿ ಮಣ್ಣಿನ ಗುಡ್ಡೆಯ ಪಕ್ಕ ನಿಂತು ನನ್ನನ್ನು ಒಂದೇ ಮಾತು ಕೇಳಿದಳು.

“ಇದನ್ನ ಹೇಳಾಕ ಇಷ್ಟ ವರ್ಷ ಯಾಕ ಬೇಕಾತ್ರಿ ವನ್ಸಂ?”

ಕೇಳಿದವಳೇ ಮಗಳ ಕೈ ಹಿಡಿದುಕೊಂಡು ಒಳಗೆ ಹೋದಳು.

ಮರುವರ್ಷ ವೈನಿ ಮತ್ತೆ ಹೆತ್ತಳು. ಗಂಡು ಕೂಸು. ಮೀರಜದಲ್ಲಿ ತೋರಿಸಿದರು, ಎರಡೂ ಕಣ್ಣು ಸ್ವಚ್ಛ ಎಂದರಂತೆ. ಸುದ್ದಿ ಬಂದಾಗ ನಾನು ಬಸದಿಗೆ ಹೋಗಿ ಅತ್ತು ಬಂದೆ. ಮೂರು ದಿನ ಕೂತು ಕೊಬ್ಬರಿ, ಉತ್ತತ್ತಿ, ಅಂಟು, ತುಪ್ಪ ಹಾಕಿ ಅಂಟಿನುಂಡಿ ಕಟ್ಟಿದೆ. ಬಾಣಂತಿಗೆ ಬೇಕಾದದ್ದು ಅದು. ಡಬ್ಬಿ ತುಂಬಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಂಡು ಹೋದೆ. ಆ ಸಲ ಬಾಣಂತನ ನಿಪ್ಪಾಣಿಯಲ್ಲಲ್ಲ, ನನ್ನ ತವರುಮನೆಯಲ್ಲೇ ಆಗಿತ್ತು. ವೈನಿ ಎದ್ದು ಕೂತು, “ಬರ್ರಿ ವನ್ಸಂ” ಎಂದಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡು, “ಎಷ್ಟ ತ್ರಾಸ ತಗೊಂಡೀರಿ” ಎಂದು ಗೋಡೆಯ ಮಾಡದಲ್ಲಿ ಇಟ್ಟಳು.

ನಾನು ಆರು ದಿನ ಇದ್ದೆ. ಮಾತಿಗೆ ಕೊರತೆಯಿಲ್ಲ, ಮರ್ಯಾದೆಗೆ ಕೊರತೆಯಿಲ್ಲ. ಹೊರಡುವ ದಿನ ನೋಡಿದರೆ ಡಬ್ಬಿ ಇಟ್ಟಲ್ಲೇ ಇತ್ತು. ನಾನು ಕಟ್ಟಿದ ಗಂಟು ಕಟ್ಟಿದ ಹಾಗೆಯೇ ಇತ್ತು. ಅವಳ ದೊಡ್ಡ ಮಗಳು, ಆಗ ಏಳು ವರ್ಷ, ನನ್ನ ಪಕ್ಕ ಬಂದು ನಿಂತು, ತಲೆ ವಾರೆ ಮಾಡಿ, ಬಲಗಣ್ಣಿನಿಂದ ಅದನ್ನು ನೋಡಿದಳು.

“ಅತ್ತಿ, ಇದರಾಗ ಏನ ಐತಿ?”

“ಉಂಡಿ ಐತಿ ಮಗಳ. ತಿಂತೀಯೇನು?”

ನಾನು ಗಂಟಿಗೆ ಕೈ ಹಾಕಿದೆ. ಹುಡುಗಿ ಅಂಗೈ ಚಾಚಿದಳು. ಒಳಗಿನಿಂದ ವೈನಿಯ ದನಿ ಬಂತು. ಸಿಟ್ಟಿರಲಿಲ್ಲ ಅದರಲ್ಲಿ, ಮೆತ್ತಗಿತ್ತು.

“ಬ್ಯಾಡ ಬಾಳಾ. ಅತ್ತಿ ಕೈಯಾಂದು ಏನೂ ತಿನ್ನಬ್ಯಾಡ.”

ಹುಡುಗಿ ಕೈ ಹಿಂದೆ ತೆಗೆದುಕೊಂಡಳು. ನಾನು ಗಂಟು ಬಿಗಿ ಮಾಡಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಹಾರೂಗೇರಿಯಿಂದ ಕಾಗವಾಡದ ಬಸ್ಸು ಹತ್ತಿದೆ.